ಬಾಕಿ ಮೂರು ಕಂತು, ಬೇಡಿಕೆ ಇಡೀ ಸಾಲ

– ಈ ಲಕೋಟೆ ಯಾವತ್ತು ಕೈಸೇರಿತು?

– ಹತ್ತು ಹನ್ನೆರಡು ದಿನ ಆಗಿರಬಹುದು ಮಾವ. ನಮ್ಮತ್ತೆ ಸಹಿ ಹಾಕಿ ತಗೊಂಡು ದೇವರ ಮನೆಯಲ್ಲಿ ಪಂಚಾಂಗದ ಕೆಳಗೆ ಇಟ್ಟುಬಿಟ್ಟಿದ್ದರು. ಬ್ಯಾಂಕಿನ ಕಾಗದ ಅಂದರೆ ಅವರಿಗೆ ಕೈಕಾಲು ಆಡಲ್ಲ.

– ‘ಆಗಿರಬಹುದು’ ಅಂದರೆ ನಡೆಯಲ್ಲಮ್ಮ. ನೋಟಿಸಿನ ಮೇಲಿರೋ ತಾರೀಕು ಒಂದು, ಕೈಗೆ ಬಂದ ತಾರೀಕು ಇನ್ನೊಂದು. ಎರಡನ್ನೂ ಬರೆದಿಟ್ಟುಕೋ. ಲಕೋಟೆ ಬಿಸಾಡಬೇಡ, ಅದರ ಮೇಲಿನ ನಂಬರು ಹಾಕಿದರೆ ಅಂಚೆಯವರ ವೆಬ್‌ಸೈಟಲ್ಲಿ ತಲುಪಿದ ದಿನ ಸಿಗುತ್ತೆ. ಇದು ಸರ್ಫೇಸಿ ಕಾಯ್ದೆಯ 13(2)ನೇ ಕಲಮಿನ ನೋಟಿಸು. ನಾನು ಸರ್ವಿಸಿನಲ್ಲಿದ್ದಾಗ ಇಂಥವಕ್ಕೆ ಅಧಿಕೃತ ಅಧಿಕಾರಿ ಅಂತ ಸಹಿ ಹಾಕಿದವನೇ, ಆದ್ದರಿಂದ ಹೇಳ್ತಿದ್ದೀನಿ. ನೋಟಿಸಿನ ತಾರೀಕಿನಿಂದ ಅರವತ್ತು ದಿನ ನಿಮಗೆ.

– ಅದಾದಮೇಲೆ ಕೋರ್ಟಿಗೆ ಹೋಗ್ತಾರಾ? ಅಲ್ಲಿ ನಮ್ಮ ಕಷ್ಟ ಹೇಳಿಕೊಳ್ಳಬಹುದು ಅಂತ ಇವರು ಧೈರ್ಯವಾಗಿದ್ದಾರೆ.

– ಎಲ್ಲರೂ ಹಾಗೇ ಅಂದುಕೊಳ್ತಾರೆ. ಅವರು ಕೋರ್ಟಿಗೆ ಹೋಗಲ್ಲ, ಹೋಗೋ ಅಗತ್ಯವೇ ಇಲ್ಲ. 2002ಕ್ಕೆ ಮುಂಚೆ ಬ್ಯಾಂಕು ದಾವೆ ಹಾಕಬೇಕಿತ್ತು, ಡಿಕ್ರಿ ತರಬೇಕಿತ್ತು, ಆಮೇಲೆ ಅಮಲ್ಜಾರಿಗೆ ಮತ್ತೆ ಅಲೆಯಬೇಕಿತ್ತು. ಸಾಲಗಾರನ ಮಗ ಮದುವೆಯಾಗಿ ಅವನಿಗೆ ಮಗುವಾಗೋ ತನಕ ಎಳೆದ ಕೇಸುಗಳನ್ನ ನಾನೇ ನೋಡಿದ್ದೀನಿ. 2002ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂತು, ಅದೇ ಆಮೇಲೆ ಕಾಯ್ದೆ ಆಯಿತು. ಅಲ್ಲಿಂದ ಬ್ಯಾಂಕೇ ನೋಟಿಸು ಕೊಡುತ್ತೆ, ಬ್ಯಾಂಕೇ ಸ್ವಾಧೀನಕ್ಕೆ ತಗೊಳ್ಳುತ್ತೆ, ಬ್ಯಾಂಕೇ ಹರಾಜು ಹಾಕುತ್ತೆ. ತಕರಾರು ಇದ್ದವನು ಓಡಬೇಕು. ಮುಂಚೆ ಓಡೋ ಕೆಲಸ ಬ್ಯಾಂಕಿನದು, ಈಗ ನಿನ್ನದು.

– ಇವರ ಕೆಲಸ ಹೋಗಿ ಆರು ತಿಂಗಳು. ಮೊದಲ ಮೂರು ತಿಂಗಳು ಚಿನ್ನ ಇಟ್ಟು ಕಟ್ಟಿದೆವು. ಈಗ ಬಾಕಿ ಇರೋದು ಮೂರೇ ಕಂತು ಮಾವ. 22,811ರಂತೆ ಮೂರು, ಎಪ್ಪತ್ತು ಸಾವಿರದ ಒಳಗೆ. ನೋಟಿಸಿನಲ್ಲಿ ಇಪ್ಪತ್ತೆಂಟೂವರೆ ಲಕ್ಷ ಕಟ್ಟಿ ಅಂತ ಬರೆದಿದ್ದಾರಲ್ಲ, ಅದು ಯಾವ ನ್ಯಾಯ?

– ಕಂತು ತಪ್ಪಿ ತೊಂಬತ್ತು ದಿನ ದಾಟಿದರೆ ಖಾತೆ ಅನುತ್ಪಾದಕ, ಅಂದರೆ ಎನ್‌ಪಿಎ. 2004ರ ಮಾರ್ಚ್‌ನಿಂದ ನಡೆದುಬಂದ ಲೆಕ್ಕ. ತೊಂಬತ್ತಾಗೋಕೆ ಮುಂಚೆಯೇ ಮೂವತ್ತು ದಿನಕ್ಕೊಂದು, ಅರವತ್ತಕ್ಕೊಂದು ಅಂತ ಗುರುತು ಹಾಕ್ತಾ ಬರ್ತಾರೆ, ನಿಮಗೆ ಗೊತ್ತಾಗಲ್ಲ ಅಷ್ಟೆ. ಎನ್‌ಪಿಎ ಆದ ಕೂಡಲೇ ಬ್ಯಾಂಕು ಕಂತಿನ ಮಾತು ಬಿಟ್ಟು ಇಡೀ ಸಾಲ ವಾಪಸ್ ಕೇಳಬಹುದು. ನೀವು ಸಹಿ ಹಾಕಿದ ಕರಾರಿನಲ್ಲೇ ಅದಿದೆ. 13(2) ನೋಟಿಸು ಯಾವತ್ತೂ ಪೂರ್ತಿ ಬಾಕಿಗೇ ಹೊರಡುತ್ತೆ, ಸುಸ್ತಿ ಕಂತಿಗೆ ಅಂತ ಹೊರಡೋದಿಲ್ಲ.

– ಮತ್ತೆ ನಾಳೆ ಹೋಗಿ ಆ ಮೂರು ಕಂತು ಕಟ್ಟಿಬಿಟ್ಟರೆ?

– ಕಟ್ಟು. ತಡಮಾಡದೆ ಕಟ್ಟು. ಸುಸ್ತಿ ಪೂರ್ತಿ, ಅಸಲೂ ಬಡ್ಡಿಯೂ, ತೀರಿದರೆ ಖಾತೆಯನ್ನ ಮತ್ತೆ ಸರಿಯಾದ ಖಾತೆ ಅಂತ ಮೇಲೆತ್ತಬಹುದು ಅಂತ ರಿಸರ್ವ್ ಬ್ಯಾಂಕು 2021ರ ನವೆಂಬರ್‌ನಲ್ಲಿ ಬಿಡಿಸಿ ಹೇಳಿದೆ. ಪೂರ್ತಿ ಅನ್ನೋ ಮಾತು ನೆನಪಿರಲಿ; ಎರಡು ಕಂತು ಕಟ್ಟಿ ಒಂದು ಉಳಿಸಿದರೆ ಎನ್‌ಪಿಎ ಎನ್‌ಪಿಎಯಾಗೇ ಇರುತ್ತೆ. ಬಹಳ ಮ್ಯಾನೇಜರುಗಳು ಸುಸ್ತಿ ತೀರಿತು ಅಂದರೆ ನೋಟಿಸನ್ನ ಅಲ್ಲಿಗೇ ಬಿಡ್ತಾರೆ. ಅವರಿಗೂ ಮನೆ ಬೇಡ, ದುಡ್ಡು ಬೇಕು. ಆದರೆ ಅದು ಅವರ ಮರ್ಜಿ. ‘ಸುಸ್ತಿ ಕಟ್ಟಿದ್ದೀನಿ, ನೋಟಿಸು ವಾಪಸ್ ತಗೋ’ ಅಂತ ಹಕ್ಕಿನಿಂದ ಕೇಳೋ ಕಲಮು ಈ ಕಾಯ್ದೆಯಲ್ಲಿಲ್ಲ. 13(8)ನೇ ಕಲಮು ಕೊಡೋ ಹಕ್ಕು ಏನಿದ್ದರೂ ಇಡೀ ಸಾಲ, ಖರ್ಚುವೆಚ್ಚ ಸಮೇತ, ಒಟ್ಟಿಗೆ ಕಟ್ಟಿ ಮನೆ ಬಿಡಿಸಿಕೊಳ್ಳೋ ಹಕ್ಕು.

– ಇಪ್ಪತ್ತೆಂಟೂವರೆ ಲಕ್ಷ ನನ್ನ ಹತ್ತಿರ ಇದ್ದಿದ್ದರೆ ನಾನು ಯಾಕೆ ಸಾಲ ಮಾಡ್ತಿದ್ದೆ?

– ಇದಕ್ಕೆ ಮಾತ್ರ ನನ್ನ ಹತ್ತಿರ ಉತ್ತರವಿಲ್ಲ. ಮೂವತ್ತು ವರ್ಷ ಬ್ಯಾಂಕಿನ ಪರ ವಾದ ಮಾಡಿದವನು ನಾನು. ಇನ್ನೊಬ್ಬರು ಬೆವರು ಸುರಿಸಿ ಇಟ್ಟ ಠೇವಣಿಯನ್ನ ಬ್ಯಾಂಕು ಸಾಲ ಕೊಟ್ಟಿರುತ್ತೆ, ವಸೂಲಿ ಮಾಡದೆ ಬಿಟ್ಟರೆ ಅವರಿಗೇನು ಹೇಳೋದು ಅಂತ ಈಗಲೂ ಕೇಳ್ತೀನಿ. ಆದರೂ ಮೂರು ಕಂತಿನ ರೋಗಕ್ಕೆ ಇಡೀ ಸಾಲ ಒಟ್ಟಿಗೆ ಕಟ್ಟೋದೊಂದೇ ಹಕ್ಕಿನ ಔಷಧ ಅಂದರೆ ಆ ಕಾಯ್ದೆಯಲ್ಲಿ ಏನೋ ಒಂದು ಬಿಟ್ಟುಹೋಗಿದೆ.

– ಅಣ್ಣ ಇಂಗ್ಲೆಂಡಿನಿಂದ ಫೋನ್ ಮಾಡಿದ್ದ. ಅವನ ಆಫೀಸಿನ ಒಬ್ಬರಿಗೆ ಹೀಗೇ ಆಗಿತ್ತಂತೆ. ಅಲ್ಲಿ ಜಡ್ಜೇ ಕೂತು, ತಿಂಗಳ ಕಂತಿನ ಜೊತೆ ಹಳೆ ಬಾಕಿಗೆ ಅಂತ ಸ್ವಲ್ಪ ಸೇರಿಸಿ ಕಟ್ಟು, ಮನೆಯಲ್ಲೇ ಇರು ಅಂದರಂತೆ.

– ನಿಜ. ಅಲ್ಲಿ 1970ರ ನ್ಯಾಯಾಡಳಿತ ಕಾಯ್ದೆ ಅಂತಿದೆ, ಅದರ 36ನೇ ಕಲಮು. ಸಾಲಗಾರ ಸೂಕ್ತ ಅವಧಿಯೊಳಗೆ ಬಾಕಿ ತೀರಿಸೋ ಸಂಭವ ಇದ್ದರೆ ಸ್ವಾಧೀನದ ಆದೇಶವನ್ನ ಕೋರ್ಟು ಮುಂದೂಡಬಹುದು, ತಡೆಹಿಡಿಯಬಹುದು. ಆಗಲೂ ನೀನು ಕೇಳಿದ ಪ್ರಶ್ನೆಯೇ ಎದ್ದಿತ್ತು. ತೀರಿಸಬೇಕಾದ ಬಾಕಿ ಅಂದರೆ ಯಾವುದು, ತಪ್ಪಿದ ಕಂತೋ, ಕರಾರಿನ ಪ್ರಕಾರ ಒಟ್ಟಿಗೆ ಮೈಮೇಲೆ ಬಿದ್ದ ಇಡೀ ಸಾಲವೋ? ಇಡೀ ಸಾಲ ಅಂದರೆ ಆ ಕಲಮು ಇದ್ದೂ ಉಪಯೋಗವಿಲ್ಲ. 1973ರಲ್ಲಿ ಇನ್ನೊಂದು ಕಾಯ್ದೆ ತಂದು, ತಪ್ಪಿದ ಕಂತು ಅಂತಲೇ ಓದಿಕೊಳ್ಳಿ ಅಂದರು. ತೊಂಬತ್ತರ ದಶಕದಲ್ಲಿ ಚೆಲ್ಟನ್‌ಹ್ಯಾಮ್ ಅಂಡ್ ಗ್ಲೌಸ್ಟರ್ ಸೊಸೈಟಿಯ ಮೊಕದ್ದಮೆಯೊಂದರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಇನ್ನೂ ಮುಂದಕ್ಕೆ ಹೋಯಿತು. ಸೂಕ್ತ ಅವಧಿ ಎಷ್ಟು ಅಂತ ನೋಡುವಾಗ ಸಾಲದ ಉಳಿದ ಪೂರ್ತಿ ಅವಧಿಯಿಂದಲೇ ಲೆಕ್ಕ ಶುರುಮಾಡಿ ಅಂತು. ಹದಿನೈದು ವರ್ಷ ಉಳಿದಿದ್ದರೆ ಹದಿನೈದು ವರ್ಷಕ್ಕೂ ಹಳೆ ಬಾಕಿಯನ್ನ ಹಂಚಬಹುದು.

– ಗ್ರಾಹಕ ಸಾಲ ಕಾಯ್ದೆ ಅಂತಲೂ ಏನೋ ಇದೆಯಂತೆ.

– 1974ರದ್ದು. ಸಾಲ ತಗೊಂಡವನನ್ನ ಗ್ರಾಹಕ ಅಂತ ನೋಡಿ ಬರೆದ ಕಾಯ್ದೆ. ಕಂತನ್ನ ಹೊಸದಾಗಿ ಹೊಂದಿಸೋ ಆದೇಶ ಕೋರ್ಟಿನಿಂದ ಪಡೆಯೋಕೆ ಅದರಲ್ಲಿ ದಾರಿಯಿದೆ. 2006ರ ತಿದ್ದುಪಡಿ ಆದಮೇಲೆ, ಸಾಲದ ಸಂಬಂಧವೇ ಅನ್ಯಾಯದ್ದು ಅನ್ನಿಸಿದರೆ ಅದನ್ನ ಬಿಚ್ಚಿ ನೋಡೋ ಅಧಿಕಾರವೂ ಕೋರ್ಟಿಗೆ ಬಂತು. ಸಾಮಾನ್ಯ ಗೃಹಸಾಲವನ್ನ ಅದರಿಂದ ಹೊರಗಿಟ್ಟು ಬೇರೆ ನಿಯಂತ್ರಕರ ಕೈಗೆ ಕೊಟ್ಟಿದ್ದಾರೆ, ಆದ್ದರಿಂದ ಅಲ್ಲೂ ಎಲ್ಲ ಸುಗಮ ಅಂದುಕೋಬೇಡ. ಮನೆ ಕಳಕೊಂಡವರು ಅಲ್ಲೂ ಇದ್ದಾರೆ. ಅಲ್ಲಿ ಜಡ್ಜ್ ಮುಂದೆ ನಿಂತು ‘ತಿಂಗಳಿಗೆ ಇಷ್ಟು ಕಟ್ಟಬಲ್ಲೆ’ ಅನ್ನೋಕೆ ಜಾಗವಿದೆ, ಅಷ್ಟೇ ವ್ಯತ್ಯಾಸ. ನಮ್ಮಲ್ಲಿ ಹಾಗೆ ಅನ್ನಬಹುದಾದ್ದು ಮ್ಯಾನೇಜರ ಮುಂದೆ ಮಾತ್ರ.

– ನಮಗೂ ಗ್ರಾಹಕರ ಕಾಯ್ದೆ ಇದೆಯಲ್ಲ. ಮೈಸೂರಲ್ಲೇ ಜಿಲ್ಲಾ ಆಯೋಗ ಇದೆ. ನಮ್ಮ ಸ್ಕೂಲಿನ ಟೀಚರ್ ಒಬ್ಬರು ಫ್ರಿಜ್ ವಿಷಯಕ್ಕೆ ಹೋಗಿ ಗೆದ್ದು ಬಂದರು.

– ಬ್ಯಾಂಕಿನ ಸೇವೆಯೂ ಸೇವೆಯೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬ್ಯಾಂಕಿಂಗ್ ಅಂತ ಹೆಸರು ಹಾಕಿಯೇ ಬರೆದಿದ್ದಾರೆ. ‘ಅನ್ಯಾಯದ ಕರಾರು’ ಅಂತ ಹೊಸ ಮಾತೂ ಅದರಲ್ಲಿದೆ. ಆದ ನಷ್ಟಕ್ಕೂ ಹಾಕಿದ ದಂಡಕ್ಕೂ ತಾಳೆಯಿಲ್ಲದಿದ್ದರೆ ಅದು ಅನ್ಯಾಯದ ಕರಾರು. ಅವಧಿಗೆ ಮುಂಚೆ ಸಾಲ ತೀರಿಸೋಕೆ ಹೋದರೆ ಬೇಡ ಅನ್ನೋದೂ ಅಷ್ಟೆ. ಅದಕ್ಕೆ ಹೋಗಬೇಕಾದ್ದು ಜಿಲ್ಲಾ ಆಯೋಗಕ್ಕಲ್ಲ, ಬೆಂಗಳೂರಿನ ರಾಜ್ಯ ಆಯೋಗಕ್ಕೆ. ಆದರೆ 13(2) ಹೊರಟಮೇಲೆ ಆಯೋಗದವರು ಕೈ ಹಿಂದಕ್ಕೆ ತಗೊಳ್ತಾರೆ. ಸರ್ಫೇಸಿ ಕ್ರಮಗಳ ತಕರಾರಿಗೆ ಅಂತಲೇ ಡಿಆರ್‌ಟಿ ಇದೆ, ಸಾಲ ವಸೂಲಾತಿ ನ್ಯಾಯಮಂಡಳಿ, ಅಲ್ಲಿಗೆ ಹೋಗಿ ಅಂತಾರೆ. ಸಿವಿಲ್ ಕೋರ್ಟಿಗಂತೂ 34ನೇ ಕಲಮಿನಲ್ಲಿ ಬೀಗವೇ ಹಾಕಿದ್ದಾರೆ. ಹೈಕೋರ್ಟುಗಳಿಗೂ ಸುಪ್ರೀಂ ಕೋರ್ಟು 2010ರಿಂದ ಹೇಳ್ತಾ ಬಂದಿದೆ, ಇಂಥ ರಿಟ್‌ಗಳನ್ನ ಸುಮ್ಮಸುಮ್ಮನೆ ಹಿಡಿಯಬೇಡಿ ಅಂತ.

– ಮತ್ತೆ ಆ ಕಾಯ್ದೆ ಗೃಹಸಾಲದವರಿಗೆ ಯಾತಕ್ಕೆ?

– ಉಪಯೋಗ ಇದೆ, ಆದರೆ ಬೇರೆ ಹೊತ್ತಿಗೆ. ಸಾಲ ಪೂರ್ತಿ ತೀರಿಸಿದ ಮೇಲೆ ಮೂಲಪತ್ರ ಮೂವತ್ತು ದಿನದೊಳಗೆ ವಾಪಸ್ ಕೊಡಬೇಕು, ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ, ಇದು 2023ರ ಡಿಸೆಂಬರ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮ. ಪತ್ರ ಕಳೆದುಹಾಕಿದರು ಅಂದರೆ ಗ್ರಾಹಕರ ಆಯೋಗ ಚೆನ್ನಾಗಿ ಕೆಲಸಕ್ಕೆ ಬರುತ್ತೆ. ಮಂಜೂರು ಮಾಡಿದ ಬಡ್ಡಿ ಒಂದು, ಹಾಕಿದ್ದು ಇನ್ನೊಂದು ಅಂದರೂ ಬರುತ್ತೆ.

– ಅಂದರೆ ಸಾಲ ತಗೊಳ್ಳುವಾಗ ನಾನು ಗ್ರಾಹಕಿ. ಸಾಲ ತೀರಿಸಿದ ಮೇಲೂ ಗ್ರಾಹಕಿ. ನಡುವೆ ಮನೆ ಕೈಬಿಟ್ಟು ಹೋಗೋ ಹೊತ್ತಿನಲ್ಲಿ ಮಾತ್ರ ಬರೀ ಸುಸ್ತಿದಾರಳು.

– ಖಾರವಾಗಿ ಹೇಳಿದೆ. ಸುಳ್ಳು ಅನ್ನೋಕೆ ಬಾಯಿ ಬರ್ತಿಲ್ಲ. ಸಾಲದ ಸ್ಟೇಟ್‌ಮೆಂಟು ತಂದಿದ್ದೀಯಲ್ಲ, ಕೊಡು ನೋಡೋಣ… ಈ ಸಾಲು ನೋಡು. ಕಂತು ವಾಪಸ್ ಹೋದ್ದಕ್ಕೆ 500, ಮೇಲೆ ಜಿಎಸ್‌ಟಿ 90. ಮೂರು ಸಲ. ಅದು ಇರಲಿ. ಇಲ್ಲಿ ‘ಪೀನಲ್ ಇಂಟರೆಸ್ಟ್’ ಅಂತ ಹಾಕಿ ಅಸಲಿಗೇ ಸೇರಿಸಿದ್ದಾರೆ. ಮುಂದಿನ ತಿಂಗಳು ಅದರ ಮೇಲೂ ಬಡ್ಡಿ ಓಡಿದೆ. ಇದು ಆಗಬಾರದು. ಸುಸ್ತಿಗೆ ದಂಡದ ಶುಲ್ಕ ಹಾಕಬಹುದು, ದಂಡದ ಬಡ್ಡಿ ಅಂತ ದರಕ್ಕೆ ಸೇರಿಸೋ ಹಾಗಿಲ್ಲ, ಆ ಶುಲ್ಕವನ್ನ ಅಸಲು ಮಾಡಿ ಅದರ ಮೇಲೆ ಬಡ್ಡಿ ಎಳೆಯೋ ಹಾಗಂತೂ ಇಲ್ಲವೇ ಇಲ್ಲ. 2023ರ ಆಗಸ್ಟ್‌ನಲ್ಲಿ ಸುತ್ತೋಲೆ ಬಂತು, 2024ರ ಏಪ್ರಿಲ್‌ನಿಂದ ಹೊಸ ಸಾಲಗಳಿಗೆ ಜಾರಿ, ಹಳೆಯವಕ್ಕೆ ಆ ವರ್ಷದ ಜೂನ್ ಕೊನೆಯೊಳಗೆ.

– ಎಷ್ಟಾಗುತ್ತೆ ಅದು?

– ಸಾವಿರದ ಲೆಕ್ಕವೇ ಹೊರತು ಲಕ್ಷದ್ದಲ್ಲ. ಅದರಿಂದ ಮನೆ ಉಳಿಯಲ್ಲ. ಆದರೆ ಬ್ಯಾಂಕು ತೋರಿಸಿದ ಮೊತ್ತ ಸರಿಯಿಲ್ಲ ಅಂತ ಬರೆಯೋಕೆ ಕೈಗೆ ಆಧಾರ ಸಿಕ್ಕಿತು. ಇನ್ನೊಂದು ನೋಡೋಣ. ಸಾಲ 2021ರದ್ದು, ಮೂವತ್ತು ಲಕ್ಷ, ಇಪ್ಪತ್ತು ವರ್ಷ, ಶೇ 6.75. ಕಂತು ಮೊದಲಿಂದಲೂ 22,811. ಬಡ್ಡಿ ಏರಿದಾಗ ಕಂತು ಏರಲಿಲ್ಲವಾ?

– ಇಲ್ಲ, ಅದೇ ನಮಗೆ ಸಮಾಧಾನ. ಪಕ್ಕದ ಮನೆಯವರಿಗೆಲ್ಲ ಏರಿತು, ನಮಗೆ ಏರಲಿಲ್ಲ ಅಂತ ಖುಷಿಯಾಗಿದ್ದೆವು.

– ಖುಷಿಯೇ ಮೋಸ ಮಾಡಿತು. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರೆಪೊ ದರ ಶೇ 4ರಿಂದ 6.5ಕ್ಕೆ ಹೋಯಿತು. ನಿಮ್ಮ ದರ ಶೇ 9.25. ಆಗ ಬಾಕಿ ಇಪ್ಪತ್ತೆಂಟೂವರೆ ಲಕ್ಷ ಅಂತ ಇಟ್ಟುಕೋ. ಒಂದು ತಿಂಗಳ ಬಡ್ಡಿಯೇ ಹತ್ತಿರಹತ್ತಿರ 22,000. ನೀವು ಕಟ್ಟಿದ 22,811ರಲ್ಲಿ ಅಸಲಿಗೆ ಹೋದದ್ದು ಎಂಟುನೂರು ಚಿಲ್ಲರೆ. ಕಂತು ಏರಿಸೋ ಬದಲು ಅವರು ಅವಧಿ ಎಳೆದರು. 2041ಕ್ಕೆ ಮುಗಿಯಬೇಕಾದ್ದು ಯಾವ ಇಸವಿಗೆ ಹೋಗಿ ನಿಂತಿದೆ ಅಂತ ನೋಡಿದ್ದೀಯಾ? ದರ ಏರಿದಾಗ ಕಂತು ಏರಿಸೋದಾ ಅವಧಿ ಏರಿಸೋದಾ ಅಂತ ನಿಮ್ಮನ್ನ ಕೇಳಬೇಕು, ಸ್ಥಿರ ಬಡ್ಡಿಗೆ ಬದಲಾಯಿಸೋ ಅವಕಾಶವನ್ನೂ ಆಗ ಕೊಡಬೇಕಿತ್ತು. ಇದೂ 2023ರ ಆಗಸ್ಟ್‌ನ ಇನ್ನೊಂದು ಸುತ್ತೋಲೆ. ಕೇಳಿದ್ದರಾ?

– ಎಸ್ಸೆಮ್ಮೆಸ್ಸು ಬಂದಿತ್ತೇನೋ. ಇಂಗ್ಲಿಷಿನಲ್ಲಿ ಏನೇನೋ ಬರ್ತಾನೇ ಇರುತ್ತೆ.

– ಮೂರು ನಾಲ್ಕು ವರ್ಷ ಕಟ್ಟಿದಮೇಲೂ ಅಸಲು ಹೆಚ್ಚುಕಮ್ಮಿ ಹಾಗೇ ನಿಂತಿರೋದು ಅದಕ್ಕೇ. ಈ ಕಾಯ್ದೆಯಲ್ಲಿ ಒಂದು ರಿಯಾಯಿತಿ ಇದೆ: ಬಾಕಿ, ಅಸಲು ಬಡ್ಡಿಯ ಶೇ 20ಕ್ಕಿಂತ ಕಮ್ಮಿ ಉಳಿದಿದ್ದರೆ ಸರ್ಫೇಸಿ ಹಚ್ಚೋ ಹಾಗಿಲ್ಲ. ಐದರಲ್ಲಿ ನಾಲ್ಕು ಪಾಲು ತೀರಿಸಿದವನಿಗೆ ಅದು ರಕ್ಷೆ. ನಿಮಗೆ ಆ ಗಡಿ ಕಣ್ಣಿಗೂ ಕಾಣಲ್ಲ. ಅಡವಿಟ್ಟದ್ದು ಕೃಷಿ ಜಮೀನಾಗಿದ್ದರೂ ಬಿಡ್ತಿದ್ದರು.

– ಇವರು ಒಂದು ಉಪಾಯ ಹೇಳ್ತಿದ್ದಾರೆ. ಕೆಳಗಿನ ಮನೆ ಖಾಲಿ ಇದೆಯಲ್ಲ, ಅದನ್ನ ಭೋಗ್ಯಕ್ಕೆ ಕೊಟ್ಟರೆ ಎಂಟು ಲಕ್ಷ ಬರುತ್ತೆ. ಸುಸ್ತಿ ಕಟ್ಟಿ, ಒಂದು ವರ್ಷದ ಕಂತಿಗೆ ಎತ್ತಿಟ್ಟು, ಉಳಿದದ್ದರಲ್ಲಿ ಒಂದು ಅಂಗಡಿ ಶುರುಮಾಡಬಹುದು ಅಂತ. ಗಿರಾಕಿಯೂ ಸಿಕ್ಕಿದ್ದಾರೆ. ಗಂಡ ಹೆಂಡತಿ ಇಬ್ಬರೂ ಗಾರ್ಮೆಂಟ್ಸಿನಲ್ಲಿದ್ದಾರೆ.

– ಬೇಡ. ಆ ಮಾತು ಇವತ್ತೇ ಬಿಡಿ.

– ಯಾಕೆ ಮಾವ, ಮನೆ ನಮ್ಮ ಹೆಸರಲ್ಲೇ ಇದೆಯಲ್ಲ?

– ನೋಟಿಸಿನ ಕೊನೇ ಪ್ಯಾರಾ ಓದು. 13(13). ಈ ನೋಟಿಸು ಬಂದಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಮನೆಯನ್ನ ಮಾರೋ ಹಾಗಿಲ್ಲ, ಲೀಸಿಗೆ ಕೊಡೋ ಹಾಗಿಲ್ಲ. ಮೀರಿದರೆ 29ನೇ ಕಲಮಿನಲ್ಲಿ ಒಂದು ವರ್ಷದವರೆಗೆ ಜೈಲು ಇದೆ. ಅದು ನಿಮ್ಮ ಪಾಡು, ಹೋಗಲಿ ಅನ್ನು. ಆ ಗಂಡ ಹೆಂಡತಿಯ ಎಂಟು ಲಕ್ಷ ಎಲ್ಲಿಗೆ ಹೋಗುತ್ತೆ ಅಂತ ಯೋಚನೆ ಮಾಡಿದ್ದೀಯಾ?

– ಕರಾರು ಮಾಡಿಕೊಡ್ತೀವಲ್ಲ, ಛಾಪಾ ಕಾಗದದ ಮೇಲೆ.

– ಛಾಪಾ ಕಾಗದ! ಬೆಂಗಳೂರು, ಮೈಸೂರಲ್ಲಿ ಇವತ್ತು ಎಷ್ಟು ಸಂಸಾರಗಳು ಆ ಕಾಗದ ನಂಬಿಕೊಂಡು ಮಲಗಿವೆಯೋ. ಒಂದು ವರ್ಷ ಮೀರಿದ ಲೀಸು ಅಂದರೆ ರಿಜಿಸ್ಟರ್ ಆಗಲೇಬೇಕು. ಭೋಗ್ಯದವರು ಮೂರು ವರ್ಷ ಅಂತ ಮಾತಾಡಿಕೊಂಡು, ಹನ್ನೊಂದು ತಿಂಗಳು ಅಂತ ಬರೆಸಿ, ರಿಜಿಸ್ಟ್ರಿ ಖರ್ಚು ಉಳಿಸ್ತಾರೆ. ಬ್ಯಾಂಕು ಬಾಗಿಲಿಗೆ ಬಂದಾಗ ಆ ಕಾಗದ ನಿಲ್ಲಲ್ಲ. 2019ರಲ್ಲಿ ಬಜರಂಗ್ ಶ್ಯಾಮಸುಂದರ್ ಅಗರ್ವಾಲ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ, ರಿಜಿಸ್ಟರ್ ಆಗದ ಬಾಡಿಗೆಯ ಮೇಲೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಮನೆ ಹಿಡಿದುಕೊಂಡು ಕೂರೋಕೆ ಬರಲ್ಲ ಅಂತ. 2016ರ ತಿದ್ದುಪಡಿ ಆದಮೇಲೆ ಬಾಡಿಗೆದಾರರೂ ಡಿಆರ್‌ಟಿಗೆ ಹೋಗಬಹುದು, ಹೋಗಿ ಏನು ತೋರಿಸ್ತಾರೆ? ಅಡಮಾನ ಆದಮೇಲೆ ಹುಟ್ಟಿದ ಕಾಗದ, ಅದರಲ್ಲೂ ನೋಟಿಸು ಬಂದಮೇಲೆ. ಮನೆಯಲ್ಲಿರೋ ಹಕ್ಕೂ ಇಲ್ಲ, ಹರಾಜಿನ ದುಡ್ಡಿನಲ್ಲಿ ಪಾಲೂ ಇಲ್ಲ. ಅವರು ಕೊನೆಗೆ ನಿಮ್ಮ ಮೇಲೇ ದಾವೆ ಹಾಕಬೇಕು, ನೀವು ಆಗ ಎಲ್ಲಿರ್ತೀರೋ.

– ಅವರಿಗೆ ಸಾಲ ಇರೋದು ಗೊತ್ತಾಗಲ್ಲವಾ?

– ಸಬ್‌ರಿಜಿಸ್ಟ್ರಾರ್ ಹತ್ತಿರ ಇಸಿ, ಅಂದರೆ ಋಣಭಾರ ಪತ್ರ ತೆಗೆಸಿದರೆ, ಅಡಮಾನ ಪತ್ರ ರಿಜಿಸ್ಟರ್ ಆಗಿದ್ದರೆ ಕಾಣುತ್ತೆ. ಬರೀ ಮೂಲಪತ್ರ ಇಟ್ಟು ಸಾಲ ಕೊಟ್ಟಿದ್ದರೆ ಅಲ್ಲಿ ಕಾಣದೇ ಇರಬಹುದು. ಅದಕ್ಕೆ ಸೆರ್ಸಾಯ್ ಅಂತ ಕೇಂದ್ರದ ದಾಖಲೆ ಇದೆ, ಬ್ಯಾಂಕುಗಳು ಅಡಮಾನವನ್ನ ಅಲ್ಲಿ ನೋಂದಾಯಿಸ್ತಾರೆ, ಚಿಲ್ಲರೆ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಭೋಗ್ಯಕ್ಕೆ ಬರೋ ಸಂಸಾರ ಅದನ್ನ ನೋಡಿದ್ದು ನಾನಂತೂ ಕಂಡಿಲ್ಲ. ನೀರು ಬರುತ್ತಾ, ಮೋಟರು ಯಾರದು ಅಂತ ಕೇಳ್ತಾರೆ.

– ಸರಿ, ಅದು ಬೇಡ. ಅರವತ್ತು ದಿನ ಮುಗಿದಮೇಲೆ ಏನಾಗುತ್ತೆ ಹೇಳಿ. ಪೊಲೀಸರು ಬಂದು ಆಚೆ ಹಾಕ್ತಾರಾ?

– ಅಷ್ಟು ಬೇಗ ಅಲ್ಲ. ಮೊದಲು ಸಾಂಕೇತಿಕ ಸ್ವಾಧೀನ ಅಂತಾರೆ. ಬಾಗಿಲಿಗೆ ನೋಟಿಸು ಅಂಟಿಸ್ತಾರೆ, ಏಳು ದಿನದೊಳಗೆ ಎರಡು ಪತ್ರಿಕೆಯಲ್ಲಿ ಹಾಕಿಸ್ತಾರೆ, ಒಂದು ಕನ್ನಡದ್ದಿರಬೇಕು. ನೀವು ಮನೆಯಲ್ಲೇ ಇರ್ತೀರಿ, ಕಾಗದದ ಮೇಲೆ ಸ್ವಾಧೀನ ಅವರದು. ಮನೆಯವರು ಬಿಟ್ಟುಕೊಡದಿದ್ದರೆ 14ನೇ ಕಲಮು. ಮೈಸೂರಲ್ಲಿ ಜಿಲ್ಲಾಧಿಕಾರಿ ಇಲ್ಲವೇ ಸಿಜೆಎಂ, ಅಂದರೆ ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟು. ಅಲ್ಲಿ ನಿಮ್ಮ ವಾದ ಕೇಳೋ ಪದ್ಧತಿ ಇಲ್ಲ. ಬ್ಯಾಂಕಿನ ಪ್ರಮಾಣಪತ್ರದಲ್ಲಿ ಇರಬೇಕಾದ್ದೆಲ್ಲ ಇದೆಯಾ ನೋಡಿ ಆದೇಶ ಕೊಡ್ತಾರೆ. ಆಮೇಲೆ ತಹಶೀಲ್ದಾರರೋ, ವಕೀಲ ಕಮಿಷನರೋ ಬರ್ತಾರೆ, ಪೊಲೀಸರು ಜೊತೆಗೆ.

– ನೀವು ಹೋಗಿದ್ದಿರಾ?

– ಹೋಗದೆ? ಒಂದು ಸಲ ಒಂದು ತಾಲ್ಲೂಕು ಊರಲ್ಲಿ ಬೆಳಗ್ಗೆ ಹತ್ತಕ್ಕೆ ಹೋದವರು ಮಧ್ಯಾಹ್ನ ಮೂರರ ತನಕ ಪಟ್ಟಿ ಬರೆದೆವು. ಸ್ಟೀಲ್ ಡ್ರಮ್ಮು ಎರಡು, ಗ್ರೈಂಡರು ಒಂದು, ಹಾಸಿಗೆ ಸುರುಳಿ ನಾಲ್ಕು, ಗ್ಯಾಸ್ ಸಿಲಿಂಡರು ಎರಡು, ಒಂದು ಖಾಲಿ. ಮನೆಯಾಕೆ ಅಳಲಿಲ್ಲ, ಕೂಗಾಡಲಿಲ್ಲ. ನಾವು ಬರೆದಿದ್ದನ್ನ ಒಂದೊಂದೇ ತಿದ್ದುತ್ತಿದ್ದಳು. ಡ್ರಮ್ಮು ಎರಡಲ್ಲ, ಅಟ್ಟದ ಮೇಲೆ ಇನ್ನೊಂದಿದೆ ಅಂತ. ಉಪ್ಪಿನಕಾಯಿ ಜಾಡಿ ಬರೆಯಬೇಕಾ ಬೇಡವಾ ಅಂತ ಕಮಿಷನರು ನನ್ನ ಕೇಳಿದರು. ಬರೀರಿ ಅಂದೆ. ಆಮೇಲೆ ಗೊತ್ತಾಯಿತು, ಒಟ್ಟು ಒಂದೂಕಾಲು ವರ್ಷದಲ್ಲಿ ಆ ಮನೆಗೆ ನಮ್ಮಿಂದ ಹೋದ ಒಂದು ಕಾಗದಕ್ಕೂ ಅವರು ಉತ್ತರ ಬರೆದಿರಲಿಲ್ಲ. ಎಲ್ಲ ಲಕೋಟೆ ಬೀರುವಿನಲ್ಲಿ ಹಾಗೇ ಇದ್ದವು, ಒಡೆದೂ ಇರಲಿಲ್ಲ.

– ಉತ್ತರ ಬರೆದಿದ್ದರೆ ಏನಾಗ್ತಿತ್ತು? ನೀವು ನಿಲ್ಲಿಸ್ತಿದ್ದಿರಾ?

– ಕಷ್ಟದ ಪ್ರಶ್ನೆ. ಉತ್ತರ ಕೊಡೋದನ್ನ ಕಡ್ಡಾಯ ಮಾಡಿದ್ದು ಸುಪ್ರೀಂ ಕೋರ್ಟು, 2004ರ ಮಾರ್ಡಿಯಾ ಕೆಮಿಕಲ್ಸ್ ತೀರ್ಪಿನಲ್ಲಿ. ಕಾಯ್ದೆ ಸರಿ ಅಂತು, ಆದರೆ ತಕರಾರು ಕೊಡೋಕೆ ಮುಂಚೆ ಶೇ 75 ದುಡ್ಡು ಕಟ್ಟಬೇಕು ಅನ್ನೋ ಕಲಮನ್ನ ಹೊಡೆದುಹಾಕಿತು. ಸಾಲಗಾರ ಆಕ್ಷೇಪಣೆ ಬರೆದರೆ ಬ್ಯಾಂಕು ಮನಸ್ಸಿಟ್ಟು ಓದಿ ಕಾರಣ ತಿಳಿಸಬೇಕು ಅಂತು. ಅದೇ ಈಗ 13(3-ಎ). ಹದಿನೈದು ದಿನದೊಳಗೆ ಉತ್ತರ ಕೊಡಬೇಕು. ನಮ್ಮ ಹತ್ತಿರ ಅದಕ್ಕೆ ಒಂದು ಅಚ್ಚು ಇತ್ತು, ‘ತಮ್ಮ ಆಕ್ಷೇಪಣೆಗಳಲ್ಲಿ ಹುರುಳಿಲ್ಲ’ ಅಂತ ಶುರುವಾಗೋದು. ಹೆಸರು, ಖಾತೆ ನಂಬರು ಬದಲಾಯಿಸಿ ಕಳಿಸ್ತಿದ್ದೆವು. ಆದರೆ ತಾರೀಕು, ಮೊತ್ತ ಹಾಕಿ ನಿರ್ದಿಷ್ಟವಾಗಿ ಬರೆದ ಪತ್ರ ಬಂದರೆ ಆ ಅಚ್ಚು ಕೆಲಸಕ್ಕೆ ಬರ್ತಿರಲಿಲ್ಲ. ಲೀಗಲ್ ವಿಭಾಗಕ್ಕೆ ಹೋಗೋದು. ಅವರು, ಎನ್‌ಪಿಎ ತಾರೀಕು ಮತ್ತೆ ಲೆಕ್ಕ ಹಾಕಿ ಅನ್ನೋರು. ಅಷ್ಟರಲ್ಲಿ ಎಷ್ಟೋ ಜನ ಸುಸ್ತಿ ಕಟ್ಟಿಬಿಡ್ತಿದ್ದರು.

– ಅಚ್ಚಿನ ಉತ್ತರ ಬಂದರೆ ಅದರ ಮೇಲೆ ಡಿಆರ್‌ಟಿಗೆ ಹೋಗಬಹುದಾ?

– ಬರೀ ಉತ್ತರದ ಮೇಲೆ ಹೋಗೋಕಾಗಲ್ಲ. ಸಾಂಕೇತಿಕ ಸ್ವಾಧೀನವೋ ಮುಂದಿನ ಕ್ರಮವೋ ಆದ ದಿನದಿಂದ ನಲವತ್ತೈದು ದಿನ. 17ನೇ ಕಲಮು. ಕಚೇರಿ ಬೆಂಗಳೂರಲ್ಲಿ. ಶುಲ್ಕ ನಿಮ್ಮ ಮೊತ್ತಕ್ಕೆ ಹತ್ತು ಸಾವಿರದ ಆಸುಪಾಸು, ವಕೀಲರದ್ದು ಬೇರೆ. ನೋಟಿಸು ಸರಿಯಾಗಿ ತಲುಪಿಲ್ಲ, ಆಕ್ಷೇಪಣೆಗೆ ಉತ್ತರವಿಲ್ಲ, ಪತ್ರಿಕೆಯಲ್ಲಿ ಹಾಕಿಲ್ಲ, ಬೆಲೆ ಕಟ್ಟಿದ್ದು ತಪ್ಪು, ಇಂಥವು ಅಲ್ಲಿ ನಡೆಯುತ್ತೆ. ಬ್ಯಾಂಕು ತಪ್ಪಿದ್ದರೆ ಮನೆ ವಾಪಸ್ ಕೊಡಿಸೋ ಅಧಿಕಾರವೂ ಮಂಡಳಿಗಿದೆ. ನನ್ನ ಗಂಡನ ಕೆಲಸ ಹೋಗಿದೆ ಅಂದರೆ ಅದು ಕೇಳಬೇಕಾದ ಪ್ರಶ್ನೆಯೇ ಅಲ್ಲ. ಅಲ್ಲಿ ಸೋತರೆ ಚೆನ್ನೈನ ಮೇಲ್ಮನವಿ ಮಂಡಳಿ, ಅದಕ್ಕೆ ಬಾಕಿಯ ಅರ್ಧ ಠೇವಣಿ ಇಡಬೇಕು, ಕಾರಣ ತೋರಿಸಿದರೆ ಕಾಲು ಭಾಗಕ್ಕೆ ಇಳಿಸಬಹುದು.

– ಅಂದರೆ ಅಲ್ಲಿಗೆ ಹೋಗೋ ಹೊತ್ತಿಗೆ ಎಲ್ಲ ಮುಗಿದಿರುತ್ತೆ. ನಮ್ಮತ್ತೆ ಹೇಳ್ತಾರೆ, ಬೀಗದ ಕೈ ಅವರ ಮುಖಕ್ಕೆ ಎಸೆದು ಬಾಡಿಗೆ ಮನೆಗೆ ಹೋಗೋಣ, ಸಾಲ ಅಲ್ಲಿಗೆ ತೀರುತ್ತೆ ಅಂತ.

– ತೀರಲ್ಲ. ಹರಾಜಿನಲ್ಲಿ ಬಾಕಿಗಿಂತ ಹೆಚ್ಚು ಬಂದರೆ ಮಿಕ್ಕಿದ್ದು ನಿಮಗೆ ಬರಬೇಕು, ಕಮ್ಮಿ ಬಂದರೆ ಉಳಿದದ್ದಕ್ಕೆ ನಿಮ್ಮ ಬೆನ್ನು ಬೀಳ್ತಾರೆ, ಜಾಮೀನು ಹಾಕಿದ ನಿನ್ನ ಮೈದುನನ ಬೆನ್ನೂ. ಮಾರಲೇಬೇಕು ಅಂತಾದರೆ ಬ್ಯಾಂಕಿನ ಒಪ್ಪಿಗೆ ತಗೊಂಡು ನೀವೇ ಗಿರಾಕಿ ಹುಡುಕಿ. ಹರಾಜಿನಲ್ಲಿ ಮನೆ ತಗೊಳ್ಳೋಕೆ ಬರೋರು ಸೋವಿ ಸಿಗುತ್ತೆ ಅಂತಲೇ ಬರೋದು. ಆದರೆ ತಡಮಾಡೋ ಹಾಗಿಲ್ಲ. ಮುಂಚೆ ಹರಾಜು ಮುಗಿಯೋ ತನಕ ದುಡ್ಡು ಕಟ್ಟಿ ಬಿಡಿಸಿಕೊಳ್ಳಬಹುದಿತ್ತು. 2016ರ ತಿದ್ದುಪಡಿ, ಆಮೇಲೆ 2023ರ ಸೆಪ್ಟೆಂಬರ್‌ನ ಸುಪ್ರೀಂ ಕೋರ್ಟಿನ ಸೆಲಿರ್ ತೀರ್ಪು, ಇವೆರಡೂ ಆದಮೇಲೆ ಹರಾಜಿನ ಪ್ರಕಟಣೆ ಹೊರಬಿದ್ದ ದಿನಕ್ಕೇ ಆ ಹಕ್ಕು ಮುಗೀತು.

– ಒಂದೇ ಸಲಕ್ಕೆ ಇಷ್ಟಕ್ಕೆ ಮುಗಿಸಿಕೊಳ್ಳಿ ಅಂತ ಓಟಿಎಸ್ ಕೇಳಿದರೆ?

– ಕೇಳಬಹುದು. ಹಕ್ಕಲ್ಲ ಅಂತ 2021ರಲ್ಲಿ ಬಿಜನೋರ್ ಸಹಕಾರಿ ಬ್ಯಾಂಕಿನ ಕೇಸಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ನಿಮ್ಮ ಮನೆಗೆ ಬೆಲೆ ಇದೆ, ಬ್ಯಾಂಕು ಬಿಟ್ಟುಕೊಡೋಕೆ ಅವಸರ ಪಡಲ್ಲ.

– ನೀವು ಹೇಳಿದ್ದೆಲ್ಲ ಕೇಳಿದಮೇಲೂ ನನಗೆ ಒಪ್ಪಿಗೆ ಆಗ್ತಿಲ್ಲ ಮಾವ. ಸಾವಿರಾರು ಕೋಟಿ ಮುಳುಗಿಸಿದ ಕಾರ್ಖಾನೆಯವರಿಗೂ ಸರ್ಫೇಸಿ, ಮೂರು ಕಂತು ತಪ್ಪಿದ ನನಗೂ ಅದೇ ಸರ್ಫೇಸಿ.

– ಒಪ್ಪಬೇಡ. ನಾನೂ ಒಪ್ಪಿಲ್ಲ ಈಗ. ಮಾರ್ಡಿಯಾದವರು ಕೆಮಿಕಲ್ ಕಂಪನಿ, ಅಂಥವರು ದಾವೆ ಎಳೆದಾಡೋದನ್ನ ತಪ್ಪಿಸೋಕೆ ಅಂತ ಹುಟ್ಟಿದ ಕಾಯ್ದೆ ಇದು. ವಾಸದ ಮನೆ ಅಂತ ಇದರಲ್ಲಿ ಬೇರೆ ಲೆಕ್ಕವೇ ಇಲ್ಲ. ಸಂಸತ್ತು ಒಂದು ಸಾಲು ಸೇರಿಸಿದರೆ ಸಾಕಿತ್ತು, ಸಾಲಗಾರ ವಾಸ ಇರೋ ಮನೆಯಾದರೆ ಸುಸ್ತಿ ತೀರಿಸಿ ಕಂತು ಮುಂದುವರಿಸೋ ಹಕ್ಕು ಇದೆ ಅಂತ. ಠೇವಣಿದಾರರಿಗೂ ಅದರಿಂದ ನಷ್ಟವಿಲ್ಲ, ಕಂತು ಬರ್ತಾನೇ ಇರುತ್ತೆ. ಆ ಸಾಲು ಬರೋ ತನಕ ನಾವು ಕಾಯೋ ಹಾಗಿಲ್ಲ. ಪೆನ್ನು ತಗೋ.

– ಕನ್ನಡದಲ್ಲಿ ಬರೀಲಾ?

– ಕನ್ನಡದಲ್ಲೇ ಬರಿ, ತಾರೀಕು ಮೊತ್ತ ಸ್ಪಷ್ಟವಾಗಿರಲಿ. ನಿಮ್ಮ ಇಂಥ ತಾರೀಕಿನ ನೋಟಿಸು ಇಂಥ ದಿನ ತಲುಪಿತು. ಖಾತೆ ಎನ್‌ಪಿಎ ಆದ ದಿನ ಅಂತ ನೀವು ತೋರಿಸಿದ್ದನ್ನ ಒಪ್ಪಲ್ಲ, ಯಾವ ಕಂತು ಎಷ್ಟು ದಿನ ತಪ್ಪಿತು ಅಂತ ದಿನವಾರು ಲೆಕ್ಕ ಕೊಡಿ. ದಂಡದ ಬಡ್ಡಿಯನ್ನ ಅಸಲಿಗೆ ಸೇರಿಸಿದ್ದೀರಿ, ಸ್ಟೇಟ್‌ಮೆಂಟಿನ ಇಂಥ ಇಂಥ ಸಾಲು, ಅದನ್ನ ತೆಗೆಯಿರಿ. ಅವಧಿ ಹೆಚ್ಚಿಸುವಾಗ ನಮ್ಮ ಆಯ್ಕೆ ಕೇಳಿದ ದಾಖಲೆ ಇದ್ದರೆ ಪ್ರತಿ ಕೊಡಿ. ಆಮೇಲೆ ಹೊಸ ಪ್ಯಾರಾ. ಸುಸ್ತಿ ಪೂರ್ತಿ ಇಂಥ ತಾರೀಕಿನೊಳಗೆ ಕಟ್ಟುತ್ತೇವೆ. ಎಷ್ಟು ಹೊತ್ತಿಗೆ ಹೊಂದಿಸಬಲ್ಲೆ?

– ಸ್ಕೂಲಿನ ಸೊಸೈಟಿಯಲ್ಲಿ ಕೈಸಾಲ ಸಿಗುತ್ತೆ, ಮುಂದಿನ ತಿಂಗಳ ಹತ್ತನೇ ತಾರೀಕಿಗೆ.

– ಹದಿನೈದು ಅಂತ ಬರಿ. ಹತ್ತಕ್ಕೆ ಕಟ್ಟು. ಬ್ಯಾಂಕಿಗೆ ಹೇಳಿದ ತಾರೀಕು ತಪ್ಪಿದರೆ ಆಮೇಲೆ ಪತ್ರ ಬರೆದೂ ಪ್ರಯೋಜನವಿಲ್ಲ.

– ಗ್ರಾಹಕರ ಆಯೋಗಕ್ಕೆ ಹೋಗ್ತೀವಿ ಅಂತ ಕೊನೆಗೆ ಸೇರಿಸಲಾ?

– ಬೇಡ, ಇದರಲ್ಲಿ ಬೆದರಿಕೆ ಬೇಡ. ದಂಡದ ಬಡ್ಡಿಯ ವಿಷಯಕ್ಕೆ ಬ್ಯಾಂಕಿನ ದೂರು ವಿಭಾಗಕ್ಕೆ ಬೇರೆಯೇ ಪತ್ರ ಹಾಕು. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ, ಬಂದದ್ದು ಸಮಾಧಾನ ಆಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗು, ಖರ್ಚಿಲ್ಲ. ಡಿಆರ್‌ಟಿಗೆ ಹೋಗೋದೇ ಆದರೆ ಅದಕ್ಕೆ ಮುಂಚೆ ಹೋಗು. ಅದೇ ವಿಷಯ ಮಂಡಳಿ ಮುಂದೆ ಇದ್ದರೆ ಓಂಬುಡ್ಸ್‌ಮನ್ ತಗೊಳ್ಳಲ್ಲ.

– ವಸೂಲಿ ಏಜೆಂಟು ರಾತ್ರಿ ಒಂಬತ್ತಕ್ಕೆ ಫೋನ್ ಮಾಡ್ತಾನೆ.

– ಬೆಳಗ್ಗೆ ಎಂಟಕ್ಕೆ ಮುಂಚೆ, ಸಂಜೆ ಏಳಾದಮೇಲೆ ಮಾಡೋ ಹಾಗಿಲ್ಲ. ದಿನ, ಗಂಟೆ, ನಂಬರು ಬರೆದಿಡು, ಅದೂ ಆ ದೂರಿನಲ್ಲೇ ಹೋಗಲಿ. ಈಗ ಇದನ್ನ ಮುಗಿಸು. ಕೆಳಗೆ ಸಹಿ ಇಬ್ಬರದೂ ಬೇಕು, ಸಾಲ ಇಬ್ಬರ ಹೆಸರಲ್ಲಿದೆ. ಒಂದು ಪ್ರತಿ ಶಾಖೆಗೆ, ಸೀಲು ಹಾಕಿಸಿಕೋ. ಇನ್ನೊಂದು ನೋಟಿಸಿಗೆ ಸಹಿ ಹಾಕಿದ ಅಧಿಕಾರಿಗೆ, ಸ್ಪೀಡ್ ಪೋಸ್ಟಿನಲ್ಲಿ. ಅಂಚೆ ಕಚೇರಿ ನಾಲ್ಕಕ್ಕೆ ಮುಚ್ಚುತ್ತೆ, ನಿಮ್ಮವರನ್ನ ನೇರ ಅಲ್ಲಿಗೇ ಬರೋಕೆ ಹೇಳು.